ದಶಮಾಂಶ ವರ್ಗೀಕರಣದ ದೈವಶಾಸ್ತ್ರ: ಒಂದು ವಿಮರ್ಶೆ

ದೈವಶಾಸ್ತ್ರ ಕಾಲೇಜಿನ ವಿದ್ಯಾರ್ಥಿಯು ತನ್ನ ಅಧ್ಯಯನದ ವರ್ಷಗಳಲ್ಲಿ ಪ್ರತಿದಿನ ಓದುವ, ಆದರೆ ಓದುತ್ತಿದ್ದೇನೆಂದು ಅರಿಯದ ಪಠ್ಯವೊಂದಿದೆ. ಅದು ಗ್ರಂಥಾಲಯದ ಕಪಾಟುಗಳ ಮೇಲಿನ ಅಂಕಿಗಳ ಸಾಲು. 220 ಸತ್ಯವೇದ, 230 ಕ್ರೈಸ್ತ ಸಿದ್ಧಾಂತ, 240 ನೀತಿ ಮತ್ತು ಭಕ್ತಿಜೀವನ, 250 ಸ್ಥಳೀಯ ಸಭೆ ಮತ್ತು ಪಾಲನಾಸೇವೆ, 260 ಸಭೆಯ ಸಾಮಾಜಿಕ ಸ್ವರೂಪ, ಆರಾಧನೆ, ಸುವಾರ್ತಾಸೇವೆ, 270 ಸಭೆಯ ಚರಿತ್ರೆ, 280 ಸಭಾಪಂಗಡಗಳು. ಇವೆಲ್ಲ ಮುಗಿದ ಬಳಿಕ 290, ಅಂದರೆ ಇತರ ಧರ್ಮಗಳು. ಈ ಸಾಲನ್ನು ನಾವು ಗ್ರಂಥಪಾಲಕರ ಅನುಕೂಲಕ್ಕೆ ಮಾಡಿದ ಏರ್ಪಾಡೆಂದು ಭಾವಿಸುತ್ತೇವೆ. ಆದರೆ ಯಾವುದು ಯಾವುದರ ಪಕ್ಕದಲ್ಲಿರಬೇಕು, ಯಾವುದು ಮೊದಲು ಬರಬೇಕು, ಯಾವುದು ಯಾವುದರ ಅಡಿಯಲ್ಲಿ ಅಡಗಬೇಕು ಎಂಬ ನಿರ್ಣಯಗಳು ದೈವಶಾಸ್ತ್ರದ ನಿರ್ಣಯಗಳೇ. ಅವುಗಳನ್ನು ಯಾರು, ಯಾವ ವಿಶ್ವಾಸದ ನೆಲೆಯಿಂದ ಮಾಡಿದರೆಂದು ವಿಚಾರಿಸುವುದು ನಮ್ಮ ಕೆಲಸವೇ ಆಗಿದೆ. ಗ್ರಂಥಾಲಯಗಳ ಹಳೆಯ ಸೂಚೀಪತ್ರಗಳನ್ನು ಗಣಕಯಂತ್ರಕ್ಕೆ ವರ್ಗಾಯಿಸುವ ಕಾರ್ಯ ಅನೇಕ ಕಡೆ ನಡೆದಿರುವ ಈ ಕಾಲದಲ್ಲಿ, ಹಳೆಯ ವರ್ಗಾಂಕಗಳು ಪ್ರಶ್ನೆಯಿಲ್ಲದೆ ಹೊಸ ಸೂಚಿಗೆ ದಾಟಿಹೋಗುತ್ತವೆ. ವಿಚಾರಣೆಗೆ ಇದು ತಕ್ಕ ಸಮಯವೆಂದು ನಮಗೆ ತೋರುತ್ತದೆ.

ಈ ಪದ್ಧತಿಯ ಹುಟ್ಟು ಅಮೆರಿಕದ ಆಮ್ಹರ್ಸ್ಟ್ ಕಾಲೇಜಿನಲ್ಲಿ. 1821ರಲ್ಲಿ ಸ್ಥಾಪಿತವಾದ ಆ ಕಾಲೇಜಿನ ಉದ್ದೇಶಗಳಲ್ಲಿ ಭಕ್ತಿವಂತರಾದ ಬಡ ಯುವಕರನ್ನು ಸಭಾಸೇವೆಗೆ ಸಿದ್ಧಪಡಿಸುವುದೂ ಒಂದು. ಅಲ್ಲಿಯ ಗ್ರಂಥಾಲಯದಲ್ಲಿ ಸಹಾಯಕನಾಗಿದ್ದ ಮೆಲ್ವಿಲ್ ಡ್ಯೂಯಿ 1873ರಲ್ಲಿ ಈ ಯೋಜನೆಯನ್ನು ರೂಪಿಸಿದಾಗ ಆತನ ವಯಸ್ಸು ಇಪ್ಪತ್ತೊಂದು. ಭಾನುವಾರದ ಆರಾಧನೆಯಲ್ಲಿ ಕಾಲೇಜಿನ ಅಧ್ಯಕ್ಷ ಸ್ಟರ್ನ್ಸ್ ಅವರು ದೀರ್ಘ ಪ್ರಸಂಗ ಮಾಡುತ್ತಿದ್ದಾಗ, ಅವರ ಮುಖವನ್ನೇ ನೋಡುತ್ತ ಒಂದು ಮಾತನ್ನೂ ಕೇಳದೆ ಕುಳಿತಿದ್ದ ತನಗೆ ದಶಮಾಂಶದ ಉಪಾಯ ಥಟ್ಟನೆ ಹೊಳೆಯಿತೆಂದು ಡ್ಯೂಯಿ ವೃದ್ಧಾಪ್ಯದಲ್ಲಿ ನೆನೆದುಕೊಂಡಿದ್ದಾರೆ. ಪ್ರಸಂಗ ಮಾಡುವ ನಮಗೆಲ್ಲ ಇದು ಸ್ವಲ್ಪ ಮುಜುಗರದ ಸಂಗತಿಯೇ ಸರಿ. 1876ರಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾದ 44 ಪುಟಗಳ ಆ ಹೊತ್ತಗೆಯಲ್ಲಿ 200ನೆಯ ವರ್ಗದ ಹೆಸರು 'ಧರ್ಮ' ಎಂದಿರಲಿಲ್ಲ, 'ದೈವಶಾಸ್ತ್ರ' ಎಂದಿತ್ತು. ಹೆಸರು ತರುವಾಯ ಬದಲಾಯಿತು; ಒಳಗಿನ ರಚನೆ ಹಾಗೆಯೇ ಉಳಿಯಿತು. ನಮ್ಮ ದೃಷ್ಟಿಯಲ್ಲಿ ಈ ಪದ್ಧತಿಯ ಎಲ್ಲ ತೊಡಕುಗಳ ಬೇರು ಇಲ್ಲಿದೆ. ಒಂದು ಪ್ರೊಟೆಸ್ಟಂಟ್ ಕಾಲೇಜಿನ ದೈವಶಾಸ್ತ್ರದ ಪಠ್ಯಕ್ರಮವು ಮನುಕುಲದ ಧರ್ಮಗಳ ನಕ್ಷೆಯೆಂಬ ಹೊಸ ಹೆಸರನ್ನು ಹೊತ್ತು ಲೋಕಸಂಚಾರಕ್ಕೆ ಹೊರಟಿತು.

ಪ್ರಮಾಣವನ್ನು ನೋಡಿರಿ. ಒಂಬತ್ತು ವಿಭಾಗಗಳಲ್ಲಿ ಏಳು ಪೂರ್ಣವಾಗಿ ಕ್ರೈಸ್ತ ವಿಷಯಗಳಿಗೆ ಮೀಸಲು. ಮೊದಲನೆಯದಾದ 210 ಇಂದು ಧರ್ಮದ ತತ್ತ್ವಜ್ಞಾನವೆನಿಸಿಕೊಂಡರೂ ಮೂಲದಲ್ಲಿ 'ನೈಸರ್ಗಿಕ ದೈವಶಾಸ್ತ್ರ', ಅಂದರೆ ಕ್ರೈಸ್ತ ಬೋಧನೆಯ ಹೆಬ್ಬಾಗಿಲು. ಉಳಿದ ಒಂದರಲ್ಲಿ ಜಗತ್ತಿನ ಬಹುಪಾಲು ಜನರ ನಂಬಿಕೆಗಳೆಲ್ಲ ಸೇರಬೇಕು: 294ರಲ್ಲಿ ಭಾರತೀಯ ಮೂಲದ ಧರ್ಮಗಳು, 296ರಲ್ಲಿ ಯೆಹೂದ್ಯ ಧರ್ಮ, 297ರಲ್ಲಿ ಇಸ್ಲಾಂ. ಹಿಂದೂ ಧರ್ಮಕ್ಕೆ ಪೂರ್ಣಾಂಕವೂ ದೊರೆಯದೆ 294.5 ಎಂಬ ಬಿಂದುವಿನಾಚೆಯ ಸ್ಥಾನ ಸಿಕ್ಕಿತು, ಬೌದ್ಧಕ್ಕೆ 294.3, ಜೈನಕ್ಕೆ 294.4. ಅದೇ ಪದ್ಧತಿಯಲ್ಲಿ ಕ್ರೈಸ್ತ ಧಾರ್ಮಿಕ ಶಿಕ್ಷಣಕ್ಕೆ, ಎಂದರೆ ನಮ್ಮ ಭಾನುವಾರ ಶಾಲೆಗೆ, 268 ಎಂಬ ಮೂರಂಕಿಯ ಸ್ವಂತ ಮನೆಯಿದೆ. ಶೈವ ಭಕ್ತಿಯ ಒಂದು ಶಾಖೆಯನ್ನು ಕುರಿತ ಪುಸ್ತಕದ ಬೆನ್ನಿಗೆ ಬಿಂದುವಿನ ನಂತರ ನಾಲ್ಕೈದು ಅಂಕಿಗಳನ್ನು ಬರೆಯಬೇಕಾಗುವ ಗ್ರಂಥಪಾಲಕನು ಕೈಯಾರೆ ಅನುಭವಿಸುವುದು ಈ ಅಸಮತೆಯನ್ನೇ.

ಡ್ಯೂಯಿಯ ಪರವಾಗಿ ಹೇಳಬಹುದಾದ ಮಾತನ್ನು ಹೇಳದಿರುವುದು ನ್ಯಾಯವಲ್ಲ. ವರ್ಗೀಕರಣವು ಲೋಕದಲ್ಲಿರುವುದನ್ನಲ್ಲ, ಕಪಾಟಿನಲ್ಲಿರುವ ಪುಸ್ತಕಗಳನ್ನು ವಿಂಗಡಿಸಲು ಹುಟ್ಟಿದ್ದು. ಆಮ್ಹರ್ಸ್ಟಿನ ಕಪಾಟಿನಲ್ಲಿ ಸತ್ಯವೇದದ ವ್ಯಾಖ್ಯಾನಗಳೂ ಪ್ರಸಂಗ ಸಂಪುಟಗಳೂ ತುಂಬಿದ್ದವೇ ಹೊರತು ಉಪನಿಷತ್ತುಗಳ ಭಾಷ್ಯಗಳಲ್ಲ. ಇದ್ದ ಪುಸ್ತಕಗಳಿಗೆ ತಕ್ಕಂತೆ ಸ್ಥಳ ಹಂಚುವುದು ಅಪರಾಧವಲ್ಲ. ಡ್ಯೂಯಿಯ ವೈಯಕ್ತಿಕ ನಡತೆಯನ್ನು ಮುಂದಿಟ್ಟು ಪದ್ಧತಿಯನ್ನು ತಳ್ಳಿಹಾಕುವವರೂ ಇದ್ದಾರೆ. ಆತ ನಡೆಸುತ್ತಿದ್ದ ಲೇಕ್ ಪ್ಲಾಸಿಡ್ ಕ್ಲಬ್ಬಿಗೆ ಯೆಹೂದ್ಯರಿಗೆ ಪ್ರವೇಶವಿರಲಿಲ್ಲವೆಂಬುದೂ, 1905ರಲ್ಲಿ ಅದರ ವಿರುದ್ಧ ಮನವಿ ಸಲ್ಲಿಕೆಯಾದ ಮೇಲೆ ಆತ ನ್ಯೂಯಾರ್ಕ್ ರಾಜ್ಯದ ಗ್ರಂಥಪಾಲಕ ಹುದ್ದೆಯನ್ನು ಬಿಡಬೇಕಾಯಿತೆಂಬುದೂ, ಅಮೆರಿಕದ ಗ್ರಂಥಾಲಯ ಸಂಘವು 2019ರಲ್ಲಿ ತನ್ನ ಪದಕದಿಂದ ಆತನ ಹೆಸರನ್ನು ತೆಗೆಯಲು ತೀರ್ಮಾನಿಸಿತೆಂಬುದೂ ನಿಜ. ಆದರೆ ನಾವು ಇಲ್ಲಿ ಪರೀಕ್ಷಿಸುತ್ತಿರುವುದು ಮನುಷ್ಯನನ್ನಲ್ಲ, ರಚನೆಯನ್ನು. ಸಜ್ಜನನೊಬ್ಬನು ಇದೇ ರಚನೆಯನ್ನು ಮಾಡಿದ್ದರೂ ನಮ್ಮ ಪ್ರಶ್ನೆಗಳು ಹಾಗೆಯೇ ಇರುತ್ತಿದ್ದವು.

ಆ ಪ್ರಶ್ನೆಗಳಲ್ಲಿ ಅತ್ಯಂತ ಗಂಭೀರವಾದುದು 290ರಲ್ಲಿಲ್ಲ, 220ರಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಈ ವಿಷಯದ ಚರ್ಚೆಗಳಲ್ಲಿ ಇದನ್ನು ಯಾರೂ ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲವಾದ್ದರಿಂದ ಸ್ವಲ್ಪ ನಿಧಾನಿಸಿ ನೋಡೋಣ.

'ಬೈಬಲ್' ಎಂಬ ಪದದ ಮೂಲಾರ್ಥ 'ಪುಸ್ತಕಗಳು' ಎಂದೇ ಅಲ್ಲವೇ? ಧರ್ಮಗ್ರಂಥವು ತಾನೇ ಒಂದು ಗ್ರಂಥಾಲಯ. ಅದಕ್ಕೆ ತನ್ನದೇ ಆದ ವರ್ಗೀಕರಣವಿದೆ. ಇಬ್ರಿಯರ ಪರಂಪರೆಯಲ್ಲಿ ಅದು ಮೂರು ಭಾಗ: ಧರ್ಮಶಾಸ್ತ್ರ, ಪ್ರವಾದಿಗಳು, ಲೇಖನಗಳು. ಲೂಕನ ಸುವಾರ್ತೆಯ 24ನೆಯ ಅಧ್ಯಾಯದ 44ನೆಯ ವಚನದಲ್ಲಿ ಪುನರುತ್ಥಿತನಾದ ಕರ್ತನು ಹೆಸರಿಸುವುದೂ ಈ ಮೂರು ಭಾಗದ ಏರ್ಪಾಡನ್ನೇ ಹೋಲುತ್ತದೆ. ಆ ಏರ್ಪಾಡಿನಲ್ಲಿ ದಾನಿಯೇಲನು ಪ್ರವಾದಿಗಳ ನಡುವೆ ಇಲ್ಲ, ಲೇಖನಗಳ ನಡುವೆ ಇದ್ದಾನೆ. ರೂತಳ ಚರಿತ್ರೆಯೂ ಪ್ರಲಾಪಗಳೂ ಅಲ್ಲಿಯೇ. ಯೆಹೋಶುವನಿಂದ ಅರಸುಗಳವರೆಗಿನ ಪುಸ್ತಕಗಳು ಅಲ್ಲಿ ಚರಿತ್ರೆಯಲ್ಲ, ಪ್ರವಾದನೆ. ಕೊನೆಯ ಪುಸ್ತಕ ಪೂರ್ವಕಾಲವೃತ್ತಾಂತ. ಎಂದರೆ ಅರಸನಾದ ಕೋರೆಷನ ಅಪ್ಪಣೆಯಂತೆ ಯೆರೂಸಲೇಮಿಗೆ ಹಿಂದಿರುಗಿ ಹೋಗುವ ಕರೆಯೊಂದಿಗೆ ಧರ್ಮಗ್ರಂಥ ಮುಗಿಯುತ್ತದೆ. ನಮ್ಮ ಹಳೆಯ ಒಡಂಬಡಿಕೆಯು ಪ್ರವಾದಿಗಳನ್ನು ಕೊನೆಗೆ ಸರಿಸಿ ಮಲಾಕಿಯನಲ್ಲಿ, ಬರಲಿರುವ ಎಲೀಯನ ವಾಗ್ದಾನದಲ್ಲಿ ಮುಗಿಯುತ್ತದೆ. ಪುಟ ತಿರುವಿದರೆ ಮತ್ತಾಯನ ಸುವಾರ್ತೆ. ಪುಸ್ತಕಗಳು ಹೆಚ್ಚುಕಡಮೆ ಅವೇ, ಕ್ರಮ ಬೇರೆ. ಕ್ರಮ ಬೇರೆಯಾದದ್ದರಿಂದ ಕಥೆಯ ದಿಕ್ಕೂ ಬೇರೆ.

ಡ್ಯೂಯಿಯ ಪದ್ಧತಿಯು ಈ ಎರಡರಲ್ಲಿ ಒಂದನ್ನು ಆರಿಸಿಕೊಂಡಿತು. 222 ಚಾರಿತ್ರಿಕ ಪುಸ್ತಕಗಳು, 223 ಕಾವ್ಯ ಪುಸ್ತಕಗಳು, 224 ಪ್ರವಾದಿಗಳು. ದಾನಿಯೇಲನು 224ರಲ್ಲಿ, ರೂತಳು 222ರಲ್ಲಿ. ಕ್ರೈಸ್ತರಾದ ನಮಗೆ ಇದು ಸಹಜ. ಆದರೆ ತಾಲ್ಮೂದು ಇರುವುದು 296ರಲ್ಲಿ. ಅಂದರೆ ಒಬ್ಬ ರಬ್ಬಿಯು ಆದಿಕಾಂಡಕ್ಕೆ ಬರೆದ ವ್ಯಾಖ್ಯಾನವು ಕ್ರೈಸ್ತ ವಿಭಾಗಗಳ ಹೊಸ್ತಿಲಲ್ಲಿಯೂ, ಆ ವ್ಯಾಖ್ಯಾನವನ್ನು ಪೋಷಿಸಿದ ಪರಂಪರೆಯು ಎಪ್ಪತ್ತು ಅಂಕಿಗಳಾಚೆ ಇಸ್ಲಾಮಿನ ನೆರೆಯಲ್ಲಿಯೂ ನಿಲ್ಲುತ್ತವೆ. ಇಸ್ರಾಯೇಲಿನ ಗ್ರಂಥವನ್ನು ಇಸ್ರಾಯೇಲಿನಿಂದ ಬಿಡಿಸಿ ಸಭೆಯ ಆಸ್ತಿಯಾಗಿ ನೋಡುವ ಹಳೆಯ ರೂಢಿಯನ್ನು ಪಾಠದ ಕೋಣೆಯಲ್ಲಿ ನಾವು ಖಂಡಿಸುತ್ತೇವೆ. ಕಪಾಟು ಅದನ್ನು ಸದ್ದಿಲ್ಲದೆ ಬೋಧಿಸುತ್ತಲೇ ಇರುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಕೊಟ್ಟ ಎಣ್ಣೆಯ ಮರದ ಹೋಲಿಕೆಯನ್ನು ಓದಿದವರಿಗೆ, ಬೇರು ಒಂದು ಕಪಾಟಿನಲ್ಲಿಯೂ ಕಸಿ ಮಾಡಿದ ಕೊಂಬೆ ಇನ್ನೊಂದರಲ್ಲಿಯೂ ಇರುವ ಈ ಏರ್ಪಾಡು ಕಸಿವಿಸಿ ಉಂಟುಮಾಡಬೇಕು.

ಕಥೋಲಿಕ ಸಹೋದರರಿಗೂ ಇಲ್ಲಿ ಒಂದು ದೂರಿದೆ. ತೋಬಿತ, ಯೂದಿತಳು, ಜ್ಞಾನಗ್ರಂಥ, ಸಿರಾಖ, ಮಕ್ಕಬಿಯರು ಮೊದಲಾದವುಗಳನ್ನು 1546ರಲ್ಲಿ ಟ್ರೆಂಟಿನ ಮಹಾಸಭೆಯು ಧರ್ಮಗ್ರಂಥವೆಂದು ಸ್ಥಿರಪಡಿಸಿತು. ಅವುಗಳನ್ನು ಅಂಗೀಕರಿಸದ ಲೂಥರನೂ 1534ರ ತನ್ನ ಜರ್ಮನ್ ಬೈಬಲಿನಲ್ಲಿ ಎರಡು ಒಡಂಬಡಿಕೆಗಳ ನಡುವೆ ಅವಕ್ಕೆ ಸ್ಥಳ ಕೊಟ್ಟಿದ್ದನು. ಡ್ಯೂಯಿ ಅವುಗಳನ್ನು 229ಕ್ಕೆ, ಎಂದರೆ 228ರಲ್ಲಿರುವ ಪ್ರಕಟನೆಯ ಆಚೆಗೆ, ಕಲ್ಪಿತ ನಾಮದ ಗ್ರಂಥಗಳ ಜೊತೆ ನೂಕಿದನು. ಲೂಥರನಿಗಿಂತ ಹೆಚ್ಚು ಲೂಥರನಾಗುವುದೆಂದರೆ ಇದೇ ಇರಬೇಕು.

ಇನ್ನು ಎರಡನೆಯ ದೋಷ. 220ರಿಂದ 270ರವರೆಗಿನ ಕ್ರಮವನ್ನು ಸ್ವಲ್ಪ ದೂರ ನಿಂತು ನೋಡಿದರೆ ಕಾಣುವುದು ಸತ್ಯವೇದ, ಸಿದ್ಧಾಂತ, ಪ್ರಾಯೋಗಿಕ ಸೇವೆ, ಚರಿತ್ರೆ ಎಂಬ ನಾಲ್ಕು ಕಂಬಗಳು. ಹತ್ತೊಂಬತ್ತನೆಯ ಶತಮಾನದ ಪ್ರೊಟೆಸ್ಟಂಟ್ ವಿದ್ಯಾಲಯಗಳು ದೈವಶಾಸ್ತ್ರವನ್ನು ಹೀಗೆಯೇ ನಾಲ್ಕು ಅಧ್ಯಯನಗಳಾಗಿ ವಿಭಜಿಸಿದವು. ಎಡ್ವರ್ಡ್ ಫಾರ್ಲಿ ಅವರು 1983ರಲ್ಲಿ ಪ್ರಕಟಿಸಿದ 'ಥಿಯೊಲಾಜಿಯ' ಎಂಬ ಗ್ರಂಥದಲ್ಲಿ, ಈ ವಿಭಜನೆಯಿಂದಾಗಿ ದೈವಶಾಸ್ತ್ರವು ದೇವರನ್ನು ಅರಿಯುವ ಏಕೈಕ ಜ್ಞಾನವೆಂಬ ಸ್ವರೂಪವನ್ನು ಕಳೆದುಕೊಂಡು ಬಿಡಿಬಿಡಿ ಪರಿಣತಿಗಳ ರಾಶಿಯಾಯಿತೆಂದು ವಾದಿಸಿದರು. ಆ ವಾದವನ್ನು ಪಠ್ಯಕ್ರಮದ ಸಂಬಂಧವಾಗಿ ಬಹಳ ಸಲ ಚರ್ಚಿಸಿದ್ದೇವೆ. ಕಟ್ಟಡದ ಸಂಬಂಧವಾಗಿ ಚರ್ಚಿಸಿಲ್ಲ. ರೋಮಾಪುರದ ಪತ್ರಿಕೆಯ ವ್ಯಾಖ್ಯಾನ 227.1ರಲ್ಲಿ; ಆ ಪತ್ರಿಕೆ ಬೋಧಿಸುವ ರಕ್ಷಣೆಯ ಸಿದ್ಧಾಂತ 234ರಲ್ಲಿ; ಅದನ್ನು ಸಾರಬೇಕಾದ ಪ್ರಸಂಗಕಲೆ 251ರಲ್ಲಿ; ಸಾರಿದ ಪ್ರಸಂಗಗಳ ಸಂಪುಟಗಳು 252ರಲ್ಲಿ; ಅದು ಸಭೆಯಲ್ಲಿ ಎಬ್ಬಿಸಿದ ಸುಧಾರಣೆಯ ಚರಿತ್ರೆ 270ರಲ್ಲಿ. ಶನಿವಾರ ಸಂಜೆ ಗ್ರಂಥಾಲಯಕ್ಕೆ ಓಡಿಬರುವ ವಿದ್ಯಾರ್ಥಿಯು ನೇರವಾಗಿ 252ಕ್ಕೆ ಹೋಗಿ, 227ನ್ನು ಹಾಯದೆಯೇ ಹಿಂದಿರುಗುವುದನ್ನು ನಾವೆಲ್ಲರೂ ಬಲ್ಲೆವು. ಅವನ ಸೋಮಾರಿತನಕ್ಕೆ ಕಪಾಟೇ ಕಾರಣವೆಂದು ಹೇಳಲಾರೆವು. ಆದರೆ ಅದು ಅವನಿಗೆ ದಾರಿಯನ್ನು ಸುಗಮ ಮಾಡಿಕೊಟ್ಟಿದೆ.

280ರ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. ಅಲ್ಲಿ ಸಭೆಗಳು ಪಾಶ್ಚಾತ್ಯ ಒಡಕುಗಳ ಲೆಕ್ಕದಲ್ಲಿ ನಿಂತಿವೆ: 282 ರೋಮನ್ ಕಥೋಲಿಕ, 283 ಆಂಗ್ಲಿಕನ್, 284 ಲೂಥರನ್, 285 ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್, 286 ಬ್ಯಾಪ್ಟಿಸ್ಟ್, 287 ಮೆಥಡಿಸ್ಟ್. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಆ ಐಕ್ಯಕ್ಕೆ ಈ ಸಾಲಿನಲ್ಲಿ ಸ್ಥಳವೇ ಇರಲಿಲ್ಲ. ಕಡೆಗೆ ಅದು 287ರಲ್ಲಿ, ಮೆಥಡಿಸ್ಟರಿಗೆ ಸಂಬಂಧಿಸಿದ ಸಭೆಗಳ ಬಾಲದಲ್ಲಿ ಸೇರಿತು. ಒಡಕುಗಳಿಗೆ ಪೂರ್ಣಾಂಕ, ಐಕ್ಯಕ್ಕೆ ದಶಮಾಂಶ!

ಇವೆಲ್ಲಕ್ಕೂ ಉತ್ತರವನ್ನು ನಮ್ಮ ನಾಡಿಗೆ ಸಂಬಂಧಪಟ್ಟವರೊಬ್ಬರು ಎಂದೋ ಕೊಟ್ಟಿದ್ದಾರೆಂದು ಕೆಲವರು ಹೇಳುವುದುಂಟು. ಶಿಯಾಳಿ ರಾಮಾಮೃತ ರಂಗನಾಥನ್ ಅವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಡ್ವರ್ಡ್ ರಾಸ್ ಅವರ ಶಿಷ್ಯರಾಗಿ ಗಣಿತ ಕಲಿತವರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪನ ಆರಂಭಿಸಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಮಕ್ಕಳ ಆಟದ ಸಾಮಾನನ್ನು ಕಂಡಾಗ ಅವರಿಗೆ ತೋರಿದ ವಿಚಾರ ಹೀಗಿತ್ತು: ಸಿದ್ಧವಾದ ಗೂಡುಗಳಲ್ಲಿ ವಿಷಯಗಳನ್ನು ತುರುಕುವ ಬದಲು, ವಿಷಯದ ಬಿಡಿಭಾಗಗಳನ್ನು ಬೇಕಾದಂತೆ ಜೋಡಿಸಬಹುದಲ್ಲ? 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣದಲ್ಲಿ ಧರ್ಮವೆಂಬ ವರ್ಗದ ಅಡಿಯಲ್ಲಿ ಪ್ರತಿ ಧರ್ಮಕ್ಕೂ ಒಂದೊಂದೇ ಅಂಕಿ: ವೈದಿಕ 1, ವೇದೋತ್ತರ ಹಿಂದೂ 2, ಜೈನ 3, ಬೌದ್ಧ 4, ಯೆಹೂದ್ಯ 5, ಕ್ರೈಸ್ತ 6, ಇಸ್ಲಾಂ 7. ಪವಿತ್ರಗ್ರಂಥ, ದೈವಶಾಸ್ತ್ರ, ಆಚರಣೆ ಮುಂತಾದ ಮುಖಗಳು ಎಲ್ಲ ಧರ್ಮಗಳಿಗೂ ಸಮಾನವಾಗಿ ಅನ್ವಯಿಸುತ್ತವೆ. ಇದರ ಸೊಗಸನ್ನು ಒಪ್ಪದವರಿಲ್ಲ. ಕ್ರೈಸ್ತ ಧರ್ಮವು ಆರನೆಯದಾಗಿ, ಉಳಿದವುಗಳಂತೆ ಒಂದಾಗಿ ನಿಂತಿರುವುದನ್ನು ನೋಡುವುದು ಸೆಮಿನರಿಯ ವಿದ್ಯಾರ್ಥಿಗೆ ಒಳ್ಳೆಯ ಶಿಕ್ಷಣವೇ.

ಆದರೂ ನಾವು ಇದನ್ನು ಪೂರ್ಣ ಪರಿಹಾರವೆಂದು ಎಣಿಸಲಾರೆವು. ಇಲ್ಲಿಯೂ ಮೊದಲ ಸ್ಥಾನ ರಚಿಸಿದವರ ಮನೆಯದೇ. ಒಂದು ಪರಂಪರೆಗೆ ಎರಡು ಅಂಕಿ, ಇತರರಿಗೆ ಒಂದೊಂದು. ಎಂಟನೆಯ ಸ್ಥಾನದಲ್ಲಿ ಮತ್ತೆ ಆ 'ಇತರ'! ಇದಕ್ಕಿಂತ ಸೂಕ್ಷ್ಮವಾದ ತೊಡಕು ಮುಖಗಳಲ್ಲಿದೆ. ಪ್ರತಿ ಧರ್ಮಕ್ಕೂ ಗ್ರಂಥವಿರಬೇಕು, ದೈವಶಾಸ್ತ್ರವಿರಬೇಕು ಎಂದು ಭಾವಿಸುವ ಚೌಕಟ್ಟಿನಲ್ಲಿ ತುಳುನಾಡಿನ ದೈವಾರಾಧನೆಯಂಥ, ಪಾಡ್ದನದಲ್ಲಿಯೂ ಕೋಲದಲ್ಲಿಯೂ ಬದುಕುವ ನಂಬಿಕೆಯು ಖಾಲಿ ಮನೆಗಳ ಸಾಲಾಗಿ ತೋರೀತು. ಸಮಾನ ಪ್ರಶ್ನೆಗಳನ್ನು ಕೇಳುವುದು ಸಮಾನ ಗೌರವವಾಗಬೇಕೆಂದಿಲ್ಲ. ಗೂಡುಗಳಿಲ್ಲದ ನೋಟ ಯಾರಿಗೂ ಇಲ್ಲವೆಂಬುದನ್ನು ರಂಗನಾಥನ್ ಅವರ ಪದ್ಧತಿ ಡ್ಯೂಯಿಯದಕ್ಕಿಂತ ಚೆನ್ನಾಗಿ ತೋರಿಸುತ್ತದೆ, ಏಕೆಂದರೆ ಅದು ಡ್ಯೂಯಿಯದಕ್ಕಿಂತ ಹೆಚ್ಚು ಶ್ರಮಪಟ್ಟಿದೆ.

ಹಾಗಾದರೆ ಕ್ರೈಸ್ತ ಗ್ರಂಥಾಲಯವೊಂದು ಕ್ರೈಸ್ತ ಕ್ರಮವನ್ನು ಇಟ್ಟುಕೊಳ್ಳುವುದು ತಪ್ಪೇ? ಅಲ್ಲವೆಂದೇ ನಮ್ಮ ಮತ. ಆರನೆಯ ಶತಮಾನದಲ್ಲಿ ಕಸ್ಸಿಯೊದೋರನು ವಿವಾರಿಯುಮ್ ಮಠದ ಸನ್ಯಾಸಿಗಳಿಗಾಗಿ ಅಧ್ಯಯನದ ಮಾರ್ಗದರ್ಶಿಯನ್ನು ಬರೆದಾಗ ಪವಿತ್ರ ಗ್ರಂಥಗಳನ್ನು ಮೊದಲ ಭಾಗದಲ್ಲಿಯೂ ಲೌಕಿಕ ವಿದ್ಯೆಗಳನ್ನು ಎರಡನೆಯದರಲ್ಲಿಯೂ ಇಟ್ಟನು; ಮಧ್ಯಯುಗದ ಮಠಗಳ ಪುಸ್ತಕಪಟ್ಟಿಗಳು ಸಾಮಾನ್ಯವಾಗಿ ಸತ್ಯವೇದದಿಂದ ಆರಂಭಿಸಿ ಸಭಾಪಿತೃಗಳಿಗೆ ಇಳಿದುಬರುತ್ತವೆ. ಅವು ತಮ್ಮ ವಿಶ್ವಾಸವನ್ನು ಮರೆಮಾಡಲಿಲ್ಲ. ನ್ಯೂಯಾರ್ಕಿನ ಯೂನಿಯನ್ ಸೆಮಿನರಿಗೆ 1909ರಲ್ಲಿ ಬಂದ ಜೂಲಿಯಾ ಪೆಟಿ ಅವರು ಡ್ಯೂಯಿಯನ್ನು ಬದಿಗಿಟ್ಟು ದೈವಶಾಸ್ತ್ರದ ಗ್ರಂಥಾಲಯಕ್ಕೆಂದೇ ಪ್ರತ್ಯೇಕ ವರ್ಗೀಕರಣವನ್ನು ವರ್ಷಗಟ್ಟಲೆ ಕುಳಿತು ರಚಿಸಿದರು. ಅನೇಕ ಸೆಮಿನರಿಗಳು ಅದನ್ನು ಸ್ವೀಕರಿಸಿದವು. ಪ್ರಾಮಾಣಿಕವಾದ ದಾರಿ ಅದು. ಕ್ರೈಸ್ತ ಕ್ರಮವೊಂದು ಕ್ರೈಸ್ತ ಕ್ರಮವೆಂದೇ ಹೇಳಿಕೊಳ್ಳಲಿ. ಲೋಕದ ಧರ್ಮಗಳ ತಟಸ್ಥ ನಕ್ಷೆಯೆಂದು ಹೇಳಿಕೊಳ್ಳದಿರಲಿ. ನಮ್ಮ ಆಕ್ಷೇಪ ಇಷ್ಟೇ ಅಲ್ಲ, ಇನ್ನೊಂದಿದೆ: 200ನೆಯ ವರ್ಗವು ಸಾರುವ ವಿಶ್ವಾಸವು ಕ್ರೈಸ್ತವಾದರೂ ಅದು ಹತ್ತೊಂಬತ್ತನೆಯ ಶತಮಾನದ ನ್ಯೂ ಇಂಗ್ಲೆಂಡಿನದು. ಕನ್ನಡದ ಸಭೆಗೆ ಅದು ಸ್ವಂತದ್ದೆಂದು ನಾವು ಎಂದೂ ತೀರ್ಮಾನಿಸಲಿಲ್ಲ.

ಭಾರತೀಯ ಕ್ರೈಸ್ತ ಚಿಂತನೆಯ ಪುಸ್ತಕಗಳನ್ನು ಇಡಹೊರಟಾಗ ಇದರ ಪೆಟ್ಟು ತಿಳಿಯುತ್ತದೆ. ರೈಮುಂಡೊ ಪಣಿಕ್ಕರ್ ಅವರು 1964ರಲ್ಲಿ ಪ್ರಕಟಿಸಿದ, ಹಿಂದೂ ಧರ್ಮದಲ್ಲಿ ಅಜ್ಞಾತನಾಗಿರುವ ಕ್ರಿಸ್ತನನ್ನು ಕುರಿತ ಗ್ರಂಥವು ಕ್ರಿಸ್ತನ 232ಕ್ಕೆ ಸೇರಬೇಕೆ, ಕ್ರೈಸ್ತ ಧರ್ಮ ಮತ್ತು ಅನ್ಯಧರ್ಮಗಳ ಸಂಬಂಧದ 261.2ಕ್ಕೆ ಸೇರಬೇಕೆ, 294.5ಕ್ಕೆ ಸೇರಬೇಕೆ? ಎಂ. ಎಂ. ಥಾಮಸ್ ಅವರು 1969ರಲ್ಲಿ, ಭಾರತೀಯ ನವೋದಯವು ಒಪ್ಪಿಕೊಂಡ ಕ್ರಿಸ್ತನನ್ನು ಕುರಿತು ಬರೆದದ್ದು ಎಲ್ಲಿ? 261.2ರಲ್ಲಿ ಇಟ್ಟರೆ ಅದು 'ಸಂಬಂಧ'ದ ಪುಸ್ತಕವಾಗುತ್ತದೆ, ಎಂದರೆ ಸಿದ್ಧಾಂತಕ್ಕೆ ಹೊರಗಿನದು. 232ರಲ್ಲಿ, ಅಥನಾಸಿಯನ ಪಕ್ಕದಲ್ಲಿ ಇಟ್ಟರೆ, ಕ್ರಿಸ್ತನು ಯಾರೆಂಬ ಪ್ರಶ್ನೆಗೆ ಭಾರತದ ನೆಲದಿಂದ ಬಂದ ಉತ್ತರವಾಗುತ್ತದೆ. ಅರವಿಂದ ನಿರ್ಮಲ್ ಅವರು 1980ರ ದಶಕದಲ್ಲಿ ಬೆಂಗಳೂರಿನಿಂದ ಆರಂಭಿಸಿದ ದಲಿತ ದೈವಶಾಸ್ತ್ರದ ಚಿಂತನೆಯನ್ನು ಲ್ಯಾಟಿನ್ ಅಮೆರಿಕದ ವಿಮೋಚನಾ ದೈವಶಾಸ್ತ್ರದ ಉಪಶಾಖೆಯಾಗಿ ಇಡುವ ಅಭ್ಯಾಸವೂ ಇಂಥದೇ ತೀರ್ಪು. ದಲಿತ ದೈವಶಾಸ್ತ್ರವು ತನ್ನನ್ನು ಹಾಗೆ ಪರಿಚಯಿಸಿಕೊಂಡಿಲ್ಲ. ಈ ತೀರ್ಪುಗಳನ್ನು ಗ್ರಂಥಪಾಲಕರೊಬ್ಬರೇ, ಕೆಲಸದ ಒತ್ತಡದ ನಡುವೆ, ಯಾರ ಸಲಹೆಯೂ ಇಲ್ಲದೆ ಮಾಡುವಂತೆ ಬಿಟ್ಟಿರುವುದು ಅಧ್ಯಾಪಕ ವರ್ಗದ ಲೋಪ, ಗ್ರಂಥಪಾಲಕರದಲ್ಲ.

ಡ್ಯೂಯಿ ಪದ್ಧತಿಯ ಸಂಪಾದಕರು ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 1996ರ 21ನೆಯ ಆವೃತ್ತಿಯಲ್ಲಿ ಕ್ರೈಸ್ತ ಧರ್ಮದ ಸಾಮಾನ್ಯ ಗ್ರಂಥಗಳನ್ನು 200ರಿಂದ 230ಕ್ಕೆ ಇಳಿಸಲಾಯಿತು. 2003ರ 22ನೆಯ ಆವೃತ್ತಿಯಲ್ಲಿ ಆ ಸುಧಾರಣೆ ಮುಂದುವರಿಯಿತು. ಬೇರೆ ಧರ್ಮಕ್ಕೆ ಪ್ರಾಶಸ್ತ್ಯ ಕೊಡಬಯಸುವ ಗ್ರಂಥಾಲಯಗಳಿಗೆ ವಿಕಲ್ಪಗಳೂ ಉಂಟು. ಆದರೆ ಏಳು ಮತ್ತು ಒಂದರ ಆ ಹಳೆಯ ಪ್ರಮಾಣ ಹಾಗೆಯೇ ಇದೆ. ಲಕ್ಷಾಂತರ ಪುಸ್ತಕಗಳ ಬೆನ್ನಿನ ಮೇಲೆ ಬರೆದುಹೋದ ಅಂಕಿಯನ್ನು ಅಳಿಸುವ ಧೈರ್ಯ ಯಾರಿಗಿದೆ?

ನಾವೂ ಅಳಿಸಬೇಕೆಂದು ಹೇಳುವುದಿಲ್ಲ. ನಮ್ಮಲ್ಲಿ ಹಣವೂ ಇಲ್ಲ, ಕೈಗಳೂ ಇಲ್ಲ. ಪುಸ್ತಕಕ್ಕೆ ಕಪಾಟಿನಲ್ಲಿ ಒಂದೇ ಸ್ಥಳ. ಸೂಚಿಯಲ್ಲಿ ಎಷ್ಟಾದರೂ ಸ್ಥಳಗಳಿರಬಹುದು. ಗಣಕದ ಸೂಚಿಗೆ ದಾಟಿಸುವಾಗ ಪ್ರತಿಯೊಂದು ಭಾರತೀಯ ಕ್ರೈಸ್ತ ಗ್ರಂಥಕ್ಕೂ ಎರಡು ಅಥವಾ ಮೂರು ವಿಷಯ ಶೀರ್ಷಿಕೆಗಳನ್ನು ಕೊಡುವುದು, ಆ ಶೀರ್ಷಿಕೆಗಳನ್ನು ಅಧ್ಯಾಪಕರೂ ಗ್ರಂಥಪಾಲಕರೂ ಕೂಡಿ ಕುಳಿತು ನಿರ್ಧರಿಸುವುದು, ಕನ್ನಡದಲ್ಲಿಯೇ ಶೀರ್ಷಿಕೆಗಳ ಪಟ್ಟಿಯೊಂದನ್ನು ಸಿದ್ಧಪಡಿಸುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ. 290ರ ಕಪಾಟಿನ ಮೇಲಿನ 'ಇತರ' ಎಂಬ ಫಲಕವನ್ನು ತೆಗೆದು ಒಳಗಿರುವ ಧರ್ಮಗಳ ಹೆಸರುಗಳನ್ನೇ ಬರೆಯುವುದಕ್ಕೆ ಒಂದು ಹಲಗೆ ಸಾಕು.

ಒಂದು ಉದಾಹರಣೆಯನ್ನು ಮಾತ್ರ ನಿರ್ಣಯದ ಸಹಿತ ಮುಂದಿಡುತ್ತೇವೆ. ಫರ್ಡಿನಂಡ್ ಕಿಟ್ಟೆಲರು 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ' ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳುವ ಕಾವ್ಯ. ಯೇಸುವಿನ ಜೀವನ ಚರಿತ್ರೆಯೆಂದು ಅದನ್ನು 232.9ರಲ್ಲಿ ಇಡಬಹುದು, ಕನ್ನಡ ಕಾವ್ಯವೆಂದು 894.814ರಲ್ಲಿಯೂ ಇಡಬಹುದು. ಮೊದಲನೆಯ ಕಪಾಟಿನಲ್ಲಿ ಅದು ಇಂಗ್ಲಿಷ್ ಮತ್ತು ಜರ್ಮನ್ ಸಂಪುಟಗಳ ನಡುವಿನ ತೆಳುವಾದ ವಿಚಿತ್ರ ವಸ್ತು. ಎರಡನೆಯದರಲ್ಲಿ ಅದರ ನೆರೆಯಲ್ಲಿ ಜೈಮಿನಿ ಭಾರತವಿದೆ, ದಾಸರ ಪದಗಳಿವೆ. ಇವೆರಡನ್ನೂ ಮಂಗಳೂರಿನಲ್ಲಿ ಮೋಗ್ಲಿಂಗರು 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ, ಎಂದರೆ ಕರ್ನಾಟಕದ ಗ್ರಂಥಾಲಯವೆಂಬ ಹೆಸರಿನಲ್ಲಿ, ಅದಕ್ಕೂ ಮೊದಲೇ ಅಚ್ಚು ಮಾಡಿಸಿದ್ದರು. ನಮ್ಮ ಮತ 894.814ರ ಕಡೆಗೆ. ಸೂಚಿಯಲ್ಲಿ 232.9ರ ಅಡಿಯೂ ಅದರ ಹೆಸರಿರಲಿ. ಕ್ರಿಸ್ತಶಾಸ್ತ್ರದ ವಿದ್ಯಾರ್ಥಿಯು ಅದನ್ನು ಹುಡುಕಿಕೊಂಡು ಸಾಹಿತ್ಯದ ಸಾಲುಗಳವರೆಗೆ ನಡೆದುಹೋಗಬೇಕಾದೀತು, ಹೋಗಲಿ.